ಇಪ್ಪತ್ತೆಂಟು ಪೌಂಡಿನ ಗತ್ತು

ವಯಸ್ಸನ್ನೂ ಸಕ್ಕರೆಯ ರೀಡಿಂಗನ್ನೂ ಒಂದಿಷ್ಟು ಇಳಿಸಿಯೇ ಹೇಳುವ ನಡುವಯಸ್ಸಿನ ಗಂಡಸರು ಒಂದು ಲೆಕ್ಕವನ್ನು ಮಾತ್ರ ಏರಿಸಿ ಹೇಳುತ್ತಾರೆ. ಅದು ತಮ್ಮ ಶಟಲ್ ಬ್ಯಾಟಿನ ಗಟ್ ಎಷ್ಟು ಪೌಂಡಿಗೆ ಬಿಗಿದಿದೆ ಎಂಬ ಲೆಕ್ಕ. ಬೆಂಗಳೂರಿನಲ್ಲಿ ಬೆಳಗ್ಗೆ ಆರಕ್ಕೆ ಯಾವ ಕೋರ್ಟಿಗೆ ಹೋಗಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. "ನಿಮ್ದೆಷ್ಟು ಸರ್?" "ಇಪ್ಪತ್ತಾರು. ನಿಮ್ದು?" "ಇಪ್ಪತ್ತೆಂಟು." ಇಪ್ಪತ್ತೆಂಟು ಅಂದವರ ಎದೆ ಒಂದಂಗುಲ ಮುಂದೆ ಬರುತ್ತದೆ. ಇಪ್ಪತ್ತಾರು ಅಂದವರು ಮುಂದಿನ ಸಲ ಅಂಗಡಿಗೆ ಹೋದಾಗ ಏನು ಹೇಳಬೇಕೆಂದು ಅಲ್ಲೇ ತೀರ್ಮಾನಿಸಿರುತ್ತಾರೆ. ಇನ್ನು ಕೆಲವು ತಿಂಗಳಿಗೆ ಇಬ್ಬರ ಮೊಣಕೈಗೂ ಪಟ್ಟಿ ಬಂದಿರುತ್ತದೆ.

ಖಾಲಿ ಸೈಟು ಕಂಡಲ್ಲೆಲ್ಲ ತಗಡಿನ ಸೂರು ಎಬ್ಬಿಸಿ, ಹಸಿರು ಮ್ಯಾಟು ಹಾಸಿ, ಗಂಟೆಗಿಷ್ಟೆಂದು ಬಾಡಿಗೆ ಕೇಳುವ ಊರು ನಮ್ಮದು. ಪ್ರಕಾಶ್ ಪಡುಕೋಣೆ ಆಡಲು ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಅಲ್ಲಿ ಮದುವೆಯಿದ್ದ ದಿನ ಆಟವಿಲ್ಲ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ರನ್ನು ಸೋಲಿಸಿದರು. ಕಿಂಗ್ ಜಿಗಿದು ಹೊಡೆಯುವ ಸ್ಮ್ಯಾಷಿಗೆ ಹೆಸರಾದವರು, ನಮ್ಮವರು ಮಣಿಕಟ್ಟಿನ ನಯಕ್ಕೆ. ಅದಕ್ಕೂ ಹಿಂದೆ, ಮರದ ಬ್ಯಾಟು ಸೊಟ್ಟಗಾಗದಿರಲೆಂದು ಚೌಕಟ್ಟಿನಲ್ಲಿ ಸಿಕ್ಕಿಸಿ ತಿರುಪು ಬಿಗಿದು ಇಡುತ್ತಿದ್ದ ಕಾಲದಲ್ಲಿ, ಇಪ್ಪತ್ತೆಂಟು ಪೌಂಡಿನ ಮಾತೇ ಇರಲಿಲ್ಲ. ಅಷ್ಟು ಎಳೆದಿದ್ದರೆ ಬ್ಯಾಟು ಅಂಗಡಿಯಲ್ಲೇ ಮುರಿಯುತ್ತಿತ್ತು. ಗಟ್ ಕೂಡ ಆಗ ನಿಜವಾದ ಕರುಳಿನದೇ. ಈಗ ನೈಲಾನ್ ಆಗಿರುವುದರಿಂದ ಮಡಿವಂತರಿಗೂ ಆಕ್ಷೇಪವಿಲ್ಲ.

ಮರ ಹೋಗಿ ಗ್ರಾಫೈಟ್ ಬಂದಮೇಲೆ ಬ್ಯಾಟು ಎಂಬತ್ತು, ಎಂಬತ್ತೈದು ಗ್ರಾಮಿಗೆ ಇಳಿಯಿತು, ಬಿಗಿತ ಮೂವತ್ತು ಪೌಂಡಿಗೆ ಏರಿತು. ಬ್ಯಾಟಿನ ಕತ್ತಿನ ಹತ್ತಿರ ಇಂತಿಷ್ಟು ಪೌಂಡಿನವರೆಗೆ ಎಳೆಯಬಹುದೆಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ನಮ್ಮವರು ಅದನ್ನು ಓದಿ, ಇಪ್ಪತ್ತೆಂಟರ ತನಕ ಹೋಗಬಹುದಂತೆ, ಹಾಗಾದರೆ ಇಪ್ಪತ್ತೆಂಟಕ್ಕೇ ಹೋಗೋಣ ಎನ್ನುತ್ತಾರೆ. ಕಂಪನಿಯವರು ಆ ಮಿತಿ ಬರೆದದ್ದು ಬ್ಯಾಟಿನ ಆರೋಗ್ಯದ ದೃಷ್ಟಿಯಿಂದ. ಅದನ್ನು ಹಿಡಿಯುವವರ ಮೊಣಕೈ ಎಷ್ಟು ತಡೆದೀತೆಂದು ಅವರು ಎಲ್ಲೂ ಬರೆದಿಲ್ಲ.

ಬಿಗಿದರೆ ಹೊಡೆತ ಜೋರಾಗುತ್ತದೆ ಎಂಬ ನಂಬಿಕೆಯೇ ಎಲ್ಲಕ್ಕೂ ಮೂಲ. ನಡೆಯುವುದು ಅದರ ಉಲ್ಟಾ. ನವಾರದ ಮಂಚದ ಮೇಲೆ ಕುಣಿದ ಮಕ್ಕಳಿಗೆ ಇದು ಗೊತ್ತು: ನವಾರ ಸ್ವಲ್ಪ ಸಡಿಲವಿದ್ದರೆ ತಾನೇ ಎತ್ತಿ ಎಸೆಯುತ್ತದೆ, ಬಿಗಿದು ಹಲಗೆಯಾಗಿದ್ದರೆ ಕಾಲೇ ನೋಯುತ್ತದೆ. ಇಪ್ಪತ್ತೆರಡು, ಇಪ್ಪತ್ಮೂರು ಪೌಂಡಿನ ಗಟ್ ಶಟಲನ್ನು ಒಂದು ಗಳಿಗೆ ಒಳಗೆಳೆದುಕೊಂಡು ತಾನೇ ಚಿಮ್ಮಿಸುತ್ತದೆ. ಮೂವತ್ತರ ಗಟ್ ಏನನ್ನೂ ಕೊಡುವುದಿಲ್ಲ. ವೇಗವೆಲ್ಲ ಆಡುವವರ ಭುಜದಿಂದಲೇ ಬರಬೇಕು. ಅದರಿಂದ ಸಿಗುವುದು ಶಟಲ್ ಇಟ್ಟ ಕಡೆಯೇ ಬೀಳುವ ನಿಖರತೆ. ದಿನಕ್ಕೆ ನಾಲ್ಕೈದು ಗಂಟೆ ಅಭ್ಯಾಸ ಮಾಡಿ, ಪ್ರತಿ ಸಲವೂ ಬ್ಯಾಟಿನ ನಟ್ಟನಡುವಿಗೇ ಶಟಲ್ ತಾಗಿಸುವವರಿಗೆ ಅದು ವರ.

ನಮಗೆ ತಾಗುವುದು ನಡುವಿನಲ್ಲೊಂದು, ಅಂಚಿನಲ್ಲಿ ಮೂರು. ಗಟ್ ಬಿಗಿಯಾದಷ್ಟೂ ಆ ಒಳ್ಳೆಯ ನಡುಭಾಗ ಕಿರಿದಾಗುತ್ತದೆ. ಶಟಲ್ ಗಟ್ಟಿನ ಮೇಲೆ ನಿಲ್ಲುವ ಹೊತ್ತೂ ಕಡಿಮೆಯಾಗಿ, ಪೆಟ್ಟು ಹರಡಿಕೊಳ್ಳದೆ ಒಮ್ಮೆಲೇ ಕೈಗೆ ಬರುತ್ತದೆ. ಅಂಚಿಗೆ ಬಿದ್ದಾಗ ಬ್ಯಾಟು ಕೈಯಲ್ಲೇ ತಿರುಚಿಕೊಳ್ಳುತ್ತದೆ, ತಿರುಚದಿರಲೆಂದು ನಾವು ಹಿಡಿಯನ್ನು ಅಮುಕುತ್ತೇವೆ, ಅಮುಕಿದಷ್ಟೂ ಅದುರು ನೇರ ಮೇಲೇರುತ್ತದೆ. ಶಟಲ್ ತೂಗುವುದು ಐದು ಗ್ರಾಂ, ಅದರ ಒಂದು ಪೆಟ್ಟು ಯಾರನ್ನೂ ಏನೂ ಮಾಡುವುದಿಲ್ಲ. ಆದರೆ ಒಂದು ಬೆಳಗ್ಗೆಗೆ ಇಂಥವು ಎಷ್ಟೋ ನೂರು.

ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಗುಬುಟಿಗೆ ಬಂದು ಅಂಟಿಕೊಳ್ಳುತ್ತವೆ. ಬ್ಯಾಕ್‌ಹ್ಯಾಂಡಿಗೆ ತಡವಾಗಿ ಕೈ ಚಾಚಿದಾಗಲೆಲ್ಲ ಆ ಅಂಟನ್ನೇ ಜಗ್ಗಿದಂತೆ. ಜಗ್ಗಿ ಜಗ್ಗಿ ಒಂದು ದಿನ ಕಾಫಿ ಲೋಟ ಎತ್ತಲೂ ಆಗುವುದಿಲ್ಲ. ಡಾಕ್ಟರು ಟೆನಿಸ್ ಎಲ್ಬೋ ಅನ್ನುತ್ತಾರೆ, ಜನ್ಮದಲ್ಲಿ ಟೆನಿಸ್ ಬ್ಯಾಟು ಮುಟ್ಟದವರು ಮಿಕಿಮಿಕಿ ನೋಡುತ್ತಾರೆ. ತಮಾಷೆಯೆಂದರೆ, 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯರು ಈ ನೋವನ್ನು ಮೊದಲು ವಿವರಿಸಿದ್ದು ಬರೆಯುವವರ ಕೈ ಬೇನೆಯ ಮಾತು ಬಂದಾಗ. ಟೆನಿಸಿನವರ ಹೆಸರು ಅದಕ್ಕೆ ಅಂಟಿದ್ದು ಆಮೇಲೆ. ಬೆಡ್‌ಶೀಟು ಹಿಂಡಿ ಹಿಂಡಿ ಇದೇ ನೋವು ತಂದುಕೊಂಡ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರು ಅದನ್ನು ಹೇಳಿಕೊಂಡು ಓಡಾಡಿದ್ದು ನಾನು ಕಂಡಿಲ್ಲ. ಗಂಡಸರ ಮೊಣಕೈ ಪಟ್ಟಿ ಮಾತ್ರ ಪದಕದ ಗತ್ತಿನಲ್ಲಿ ಮೆರೆಯುತ್ತದೆ.

ಇಷ್ಟೆಲ್ಲ ಗೊತ್ತಿದ್ದವರೂ ಬಿಗಿಸುವುದೇಕೆ? ಶಬ್ದಕ್ಕಾಗಿ, ಬೇರೇನಕ್ಕೂ ಅಲ್ಲ. 0.65 ಮಿಲಿಮೀಟರಿನ ತೆಳು ಗಟ್ಟನ್ನು ಬಿಗಿದು ಸ್ಮ್ಯಾಷ್ ಹೊಡೆದರೆ ತಗಡಿನ ಸೂರಿನಡಿ ಪಟಾಕಿ ಸಿಡಿಯುತ್ತದೆ. ಪಕ್ಕದ ಕೋರ್ಟಿನವರು ತಿರುಗಿ ನೋಡುತ್ತಾರೆ. ಶಟಲ್ ನೆಟ್ಟಿಗೆ ಬಿದ್ದಿದ್ದರೂ ಚಿಂತೆಯಿಲ್ಲ, ಶಬ್ದ ಆಗಲೇ ಆಚೆ ತಲುಪಿರುತ್ತದೆ. 0.70ರ ಬಿಜಿ 65 ಗಟ್ಟಿಗೆ ಈ ಠೇಂಕಾರ ಬಾರದು. ಅದು ತಿಂಗಳುಗಟ್ಟಲೆ ಬಾಳುತ್ತದೆ ಎಂಬುದೂ ಅಷ್ಟೇನೂ ಮರ್ಯಾದೆಯ ಗುಣವಲ್ಲ, ಗಟ್ ಆಗಾಗ ಕಿತ್ತುಹೋಗುವುದು ಜೋರಾಗಿ ಆಡುವವರ ಲಕ್ಷಣವಂತೆ. ಅಮಲಾಪುರದ ಸಾತ್ವಿಕ್ ಸಾಯಿರಾಜ್ 2023ರ ಏಪ್ರಿಲ್‌ನಲ್ಲಿ ಜಪಾನಿನ ಸೋಕಾದಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಷ್ ಹೊಡೆದು ದಾಖಲೆ ಮಾಡಿದಾಗ ನಮ್ಮ ಗುಂಪಿನ ಬ್ಯಾಂಕ್ ಮ್ಯಾನೇಜರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಪೌಂಡಂತೆ?" ಆರಡಿ ಎತ್ತರ, ಇಪ್ಪತ್ತೆರಡರ ಹರೆಯ, ಬಾಲ್ಯದಿಂದ ಮಾಡಿದ ಕಸರತ್ತು ಯಾವುದೂ ಅಂಗಡಿಯಲ್ಲಿ ಸಿಗುವುದಿಲ್ಲ. ಪೌಂಡು ಸಿಗುತ್ತದೆ.

ಹಾಗೆಂದು ಎಲ್ಲ ಪಾಪವನ್ನೂ ಗಟ್ಟಿನ ತಲೆಗೆ ಕಟ್ಟುವುದೂ ಅನ್ಯಾಯ. ಈ ಆಟದಲ್ಲಿ ಕೈಗಿಂತ ಕಾಲು ಹೆಚ್ಚು ಮುರಿಯುತ್ತದೆ. ಸ್ಪೇನಿನ ಕ್ಯಾರೊಲಿನಾ ಮರಿನ್ ಮಂಡಿಗೆ 2019, 2021, 2024ರಲ್ಲಿ ಮೂರು ಸಲ ಗಾಯವಾಯಿತು, ಮೂರನೆಯದು ಪ್ಯಾರಿಸ್ ಒಲಿಂಪಿಕ್ಸಿನ ಸೆಮಿಫೈನಲ್ ನಡುವೆ. ಪಿ.ವಿ. ಸಿಂಧು 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಎಡಗಾಲಿನ ನೋವಿನಲ್ಲೇ, ಆಮೇಲೆ ತಿಂಗಳುಗಟ್ಟಲೆ ಆಡಲಿಲ್ಲ. ನಮ್ಮಲ್ಲಿ ಗಟ್ಟಿಗೆ ಸಾವಿರ ರೂಪಾಯಿ ಸುರಿದವರು ಪಾರ್ಕಿನಲ್ಲಿ ಓಡುವ ದಪ್ಪ ಹಿಮ್ಮಡಿಯ ಶೂ ಹಾಕಿಕೊಂಡೇ ಮ್ಯಾಟಿಗೆ ಇಳಿಯುತ್ತಾರೆ. ಪಕ್ಕಕ್ಕೆ ಹಾರುವ ಆಟಕ್ಕೆ ಆ ಎತ್ತರದ ಶೂ ಹೇಳಿ ಮಾಡಿಸಿದ ಶತ್ರು. ಪಾದ ಉಳುಕಿದಾಗ ಬೈಗುಳ ತಿನ್ನುವುದು ಮ್ಯಾಟು. ತೀರ ಸಡಿಲವಾದ ಗಟ್ ಕೂಡ ಸಾಧುವಲ್ಲ. ವರ್ಷಗಟ್ಟಲೆ ಬದಲಿಸದೆ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬೆಂದು ಜೀವ ಕಳೆದುಕೊಂಡ ಗಟ್ಟಿನಲ್ಲಿ ಶಟಲ್ ಹಿಂದಿನ ಗೆರೆ ಮುಟ್ಟಿಸಲು ಭುಜವನ್ನೇ ಬೀಸಿ ಎಸೆಯಬೇಕು. ಮೊಣಕೈ ಉಳಿದರೆ ಭುಜ ಹೋಗುತ್ತದೆ. ನಮ್ಮಂಥವರಿಗೆ ಇಪ್ಪತ್ತೆರಡರಿಂದ ಇಪ್ಪತ್ನಾಲ್ಕು, ದಪ್ಪನೆಯ ಗಟ್, ಕಿತ್ತುಹೋಗದಿದ್ದರೂ ಆಗಾಗ ಬದಲಾವಣೆ. ನನ್ನ ಲೆಕ್ಕದಲ್ಲಿ ಅಷ್ಟು ಸಾಕು.

ಇದನ್ನು ಗಟ್ ಹಾಕುವ ಹುಡುಗ ಗಿರಾಕಿಗೆ ಹೇಳುವಂತಿಲ್ಲ. ಒಮ್ಮೆ ಅವನು ಪಾಪ, ಮ್ಯಾನೇಜರಿಗೆ "ನಿಮಗೆ ಇಪ್ಪತ್ನಾಲ್ಕು ಸಾಕು ಸರ್" ಅಂದುಬಿಟ್ಟ. ಅವರ ಮುಖ ಸಾಲದ ಅರ್ಜಿ ತಿರಸ್ಕೃತವಾದವರದ್ದಾಯಿತು. ಅವನ ಹತ್ತಿರ ಇರುವುದು ಹಳೆಯ ಕೈತಿರುವಿನ ಯಂತ್ರ. ಅದು ಹೇಳಿದ ಪೌಂಡಿಗೆ ಒಮ್ಮೆ ಎಳೆದು ಅಲ್ಲೇ ಬೀಗ ಹಾಕಿಕೊಳ್ಳುತ್ತದೆ, ನೈಲಾನು ಮರುಕ್ಷಣವೇ ಹಿಗ್ಗಿ ಒಂದೆರಡು ಪೌಂಡು ಜಾರಿಹೋಗುತ್ತದೆ. ಕರೆಂಟಿನ ಯಂತ್ರವಾದರೆ ಹಿಗ್ಗಿದಷ್ಟನ್ನೂ ಮತ್ತೆ ಎಳೆಯುತ್ತಲೇ ಇರುತ್ತದೆ. ಅಂದರೆ ಅವನ ಇಪ್ಪತ್ತೆಂಟು ಇನ್ನೊಂದು ಅಂಗಡಿಯ ಇಪ್ಪತ್ತೆಂಟಲ್ಲ. ಮಾರನೆಯ ದಿನಕ್ಕೆ ಅದೂ ಇನ್ನಷ್ಟು ಇಳಿದಿರುತ್ತದೆ. ಇದನ್ನು ನಾನು ಕೇಳಿದಾಗ ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಅಂಕಲ್, ಯಾರಿಗೂ ಹೇಳ್ಬೇಡಿ. ವಯಸ್ಸಾದೋರು ಇಪ್ಪತ್ತೆಂಟು ಅಂದ್ರೆ ನಾನು ಇಪ್ಪತ್ನಾಲ್ಕಕ್ಕೇ ಎಳೆಯೋದು. ಚೀಟೀಲಿ ಮಾತ್ರ ಇಪ್ಪತ್ತೆಂಟು ಅಂತ ಬರೀತೀನಿ." ಮರುದಿನ ಮ್ಯಾನೇಜರು ಅವನಲ್ಲಿ ಗಟ್ ಹಾಕಿಸಿದ ಬ್ಯಾಟನ್ನು ನನ್ನ ಕಿವಿಯ ಹತ್ತಿರ ತಂದು, ಗಟ್ಟನ್ನು ಬೆರಳಲ್ಲಿ ಮೀಟಿ, "ಕೇಳಿ, ಇದು ಇಪ್ಪತ್ತೆಂಟು!" ಎಂದರು. ಹೌದು ಸರ್ ಅಂದೆ.