ಜಪಾನಿನಲ್ಲಿ ನಮ್ಮ ಅಕ್ಷರಗಳು

ಜಪಾನ್ ದೇಶವನ್ನು ನೋಡಹೋಗುವವರು ಸಾಮಾನ್ಯವಾಗಿ ಚೆರಿ ಹೂಗಳ ಕಾಲವನ್ನು ಆರಿಸಿಕೊಳ್ಳುವರು. ನಾವು ದಂಪತಿಗಳು ಹೋದುದು ಕಾರ್ತಿಕಮಾಸದಲ್ಲಿ. ಆಗ ಅಲ್ಲಿ ಮೇಪಲ್ ಮರಗಳ ಎಲೆ ಕೆಂಪಾಗಿ, ಗಿಂಕೊ ಮರಗಳ ಎಲೆ ಅರಿಸಿನದ ಬಣ್ಣಕ್ಕೆ ತಿರುಗಿ, ಚಳಿಯು ಒಂದು ಶಾಲಿಗೆ ಅಡಗುವಷ್ಟು ಮಾತ್ರ ಇರುವುದು. ಟೋಕಿಯೋ, ನಾರಾ, ಕ್ಯೋಟೋ, ಹಿರೋಶಿಮಾ ಎಂಬ ನಾಲ್ಕು ಪಟ್ಟಣಗಳನ್ನು ಹನ್ನೆರಡು ದಿನಗಳಲ್ಲಿ ನೋಡಿದೆವು. ಅಲ್ಲಿಯ ಗೋಪುರಗಳ ಎತ್ತರವನ್ನೂ ಅಂಗಡಿಬೀದಿಗಳ ದೀಪಗಳನ್ನೂ ಬಣ್ಣಿಸುವ ಪುಸ್ತಕಗಳು ಬೇಕಾದಷ್ಟಿವೆ. ವಾಚಕರು ಅವನ್ನು ನಮ್ಮಿಂದ ಅಪೇಕ್ಷಿಸಬಾರದು. ಬಹುಕಾಲ ಮಕ್ಕಳಿಗೆ ಅಕ್ಷರ ಕಲಿಸಿದವರ ಕಣ್ಣು ಎಲ್ಲಿಗೆ ಹೋದರೂ ಅಕ್ಷರವನ್ನೇ ಹುಡುಕುವುದು.

ಟೋಕಿಯೋ ನಗರದ ಯಾನಕಾ ಎಂಬ ಭಾಗದಲ್ಲಿ ದೊಡ್ಡದೊಂದು ರುದ್ರಭೂಮಿಯುಂಟು. "ಇಷ್ಟು ದೂರ ಬಂದು ಮಸಣ ನೋಡುವುದೇ?" ಎಂದು ನಮ್ಮ ಗೃಹಿಣಿಯು ಆಕ್ಷೇಪಿಸಿದಳು. ಆದರೂ ಬಂದಳು. ಅಲ್ಲಿ ಸಮಾಧಿಶಿಲೆಗಳ ಹಿಂದೆ, ಆಳೆತ್ತರದ ಕಿರಿದಾದ ಮರದ ಪಟ್ಟಿಗಳನ್ನು ನಿಲ್ಲಿಸಿರುವರು. ಅವಕ್ಕೆ 'ಸೊತೊಬ' ಎಂದು ಹೆಸರು; ನಮ್ಮ 'ಸ್ತೂಪ' ಶಬ್ದವೇ ಸಮುದ್ರ ದಾಟಿ ಹೀಗಾಗಿದೆ. ಪಟ್ಟಿಯ ಮೇಲ್ತುದಿಯಿಂದ ಕೆಳಕ್ಕೆ ಕುಂಚದಿಂದ ಬರೆದ ಐದು ಅಕ್ಷರಗಳು: ಖ, ಹ, ರ, ವ, ಅ. ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿಗಳ ಬೀಜಾಕ್ಷರಗಳಿವು. ಲಿಪಿಯ ಹೆಸರು 'ಸಿದ್ಧಂ'. ನಮ್ಮ ತಾಳಗುಂದದ ಸ್ತಂಭಶಾಸನವು ಆರಂಭವಾಗುವುದು ಆ ಪದದಿಂದಲೇ ಎಂಬುದು ಶಾಸನಗಳನ್ನು ಓದಿದವರಿಗೆ ತಿಳಿದಿದೆ. ಕನ್ನಡಲಿಪಿಗೂ ಈ ಲಿಪಿಗೂ ಮೂಲತಾಯಿ ಬ್ರಾಹ್ಮಿಯೇ. ಕ್ರಿ. ಶ. 804ರಲ್ಲಿ ಚೀನಾಕ್ಕೆ ಹೋಗಿ, ಅಲ್ಲಿ ಸಂಸ್ಕೃತವನ್ನು ಅಭ್ಯಾಸಮಾಡಿ, 806ರಲ್ಲಿ ಹಿಂದಿರುಗಿದ ಕೂಕಾಯ್ ಎಂಬ ಯತಿಯಿಂದ ಜಪಾನಿನಲ್ಲಿ ಈ ಲಿಪಿಯ ವ್ಯಾಸಂಗಕ್ಕೆ ವಿಶೇಷವಾದ ಪ್ರಚಾರ ದೊರೆಯಿತು. ನಮ್ಮ ನಾಡಿನ ಪಂಡಿತರು ಮರೆತುಬಿಟ್ಟಿರುವ ಲಿಪಿಯಲ್ಲಿ ಅಲ್ಲಿಯವರು ಇಂದಿಗೂ ತಮ್ಮ ಹಿರಿಯರನ್ನು ಸ್ಮರಿಸುತ್ತಿರುವರು. ನಾವು ಒಂದೊಂದೇ ಅಕ್ಷರವನ್ನು ಓದಿ ಹೇಳಿದೆವು. ಗೃಹಿಣಿಯು ಚಪ್ಪಲಿಯನ್ನು ಕಳಚಿಟ್ಟು ಕೈಮುಗಿದಳು.

ಅದೇ ದಿನ ಮೊಮ್ಮಗನಿಗೆಂದು ಆಕೆಯು ಅಂಗಡಿಯೊಂದರಲ್ಲಿ ಮಕ್ಕಳ ಅಕ್ಷರಪಟವನ್ನು ಕೊಂಡಳು. ಅಂಗಡಿಯ ಹುಡುಗಿಯು ಬೆರಳಿಟ್ಟು ಓದಿ ತೋರಿಸಿದಳು: ಅ, ಇ, ಉ, ಎ, ಒ. ಮುಂದಿನ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. "ಇದು ನಮ್ಮದೇ ವರ್ಣಮಾಲೆಯಲ್ಲವೇ? ಆದರೆ ಚಕಾರ ಪಕಾರಗಳು ಎಲ್ಲಿ ಹೋದುವು?" ಎಂದು ಗೃಹಿಣಿಯು ಕೇಳಿದಳು. ಪ್ರಶ್ನೆಯು ಸರಿಯಾದುದೇ. ಪುರಾತನ ಜಪಾನೀ ಭಾಷೆಯಲ್ಲಿ ಈಗಿನ ಸಕಾರವು ಚಕಾರಕ್ಕೆ ಹತ್ತಿರವಾಗಿಯೂ, ಈಗಿನ ಹಕಾರವು ಪಕಾರವಾಗಿಯೂ ಉಚ್ಚರಿಸಲ್ಪಡುತ್ತಿದ್ದುವೆಂದು ಭಾಷಾವಿದರು ಹೇಳುವರು. ಹಾಗೆ ಓದಿಕೊಂಡರೆ ಕ, ಚ, ತ, ನ, ಪ, ಮ, ಯ, ರ, ವ ಎಂದು ವರ್ಗಕ್ರಮವು ತಪ್ಪದೆ ನಿಲ್ಲುವುದು. ಸಿದ್ಧಂ ಲಿಪಿಯನ್ನು ಕಲಿತ ಭಿಕ್ಷುಗಳು ತಮ್ಮ ಭಾಷೆಯ ಧ್ವನಿಗಳನ್ನು ಈ ಕ್ರಮದಲ್ಲಿ ಜೋಡಿಸಿದರು; ಇಂದು ಅಲ್ಲಿಯ ನಿಘಂಟುಗಳೂ ಶಾಲೆಯ ಹಾಜರಿಪಟ್ಟಿಗಳೂ ಇದನ್ನೇ ಅನುಸರಿಸುವುವು.

ಟೋಕಿಯೋವಿನಿಂದ ಕ್ಯೋಟೋವಿಗೆ ಹೋಗುವ ವೇಗದ ರೈಲುಬಂಡಿಯನ್ನು ಕುರಿತು ಎಲ್ಲರೂ ಬರೆದಿರುವುದರಿಂದ ನಾವು ಬರೆಯೆವು. ಕ್ಯೋಟೋವಿನಿಂದ ಬೇರೊಂದು ಬಂಡಿಯಲ್ಲಿ ನಾರಾಕ್ಕೆ ಹೋದೆವು. ಅಲ್ಲಿಯ ತೋದಾಯ್‌ಜಿ ದೇವಾಲಯದಲ್ಲಿ ಸುಮಾರು 15 ಮೀಟರು ಎತ್ತರದ ವೈರೋಚನ ಬುದ್ಧನ ಕಂಚಿನ ಮೂರ್ತಿಯಿರುವುದು. 752ರಲ್ಲಿ ಈ ಮೂರ್ತಿಗೆ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ. ದಕ್ಷಿಣದೇಶದ ಬ್ರಾಹ್ಮಣಕುಲದವನೆಂದೂ, 736ರಲ್ಲಿ ಜಪಾನಿಗೆ ಬಂದನೆಂದೂ ಅಲ್ಲಿಯ ಲೇಖಗಳು ಹೇಳುವುವು. ಅವನು ಕಣ್ಣು ಬರೆದ ಕುಂಚಕ್ಕೆ ಉದ್ದವಾದ ದಾರಗಳನ್ನು ಕಟ್ಟಿ, ನೆರೆದವರೆಲ್ಲರೂ ಹಿಡಿದುಕೊಂಡು ಪುಣ್ಯಭಾಗಿಗಳಾದರಂತೆ. ಆ ಕುಂಚವನ್ನೂ ದಾರವನ್ನೂ ಶೋಸೋಯಿನ್ ಎಂಬ ಭಂಡಾರದಲ್ಲಿ ಈಗಲೂ ಇಟ್ಟುಕೊಂಡಿರುವರು. ದೇವಾಲಯವಾದರೋ 1180ರಲ್ಲೊಮ್ಮೆ, 1567ರಲ್ಲೊಮ್ಮೆ ಯುದ್ಧದ ಬೆಂಕಿಗೆ ತುತ್ತಾಯಿತು. ಈಗ ಕಾಣುವುದು 1709ರಲ್ಲಿ ಮುಗಿದ ಕಟ್ಟಡ. ಮೊದಲಿನದಕ್ಕಿಂತ ಅಗಲದಲ್ಲಿ ಕಿರಿದು. ಹಾಗಿದ್ದರೂ ತಲೆಯೆತ್ತಿ ನೋಡಿದರೆ ಕತ್ತು ನೋಯುವುದು.

ಹತ್ತಿರದ ಕೋಫುಕುಜಿಯಲ್ಲಿ ಅಸುರನ ಮೂರ್ತಿಯುಂಟು, 734ರದು. ಮೂರು ಮುಖ, ಆರು ಕೈ. ನಾವು ಕೋರೆಹಲ್ಲುಗಳನ್ನು ನಿರೀಕ್ಷಿಸಿದ್ದರೆ, ಕಂಡುದು ಹುಬ್ಬು ಗಂಟಿಕ್ಕಿ ಏನನ್ನೋ ಚಿಂತಿಸುತ್ತಿರುವ ಬಾಲಕನ ಮುಖ. "ಪಾಠ ಒಪ್ಪಿಸಲಾರದೆ ನಿಂತ ಹುಡುಗನ ಹಾಗಿದ್ದಾನೆ" ಎಂದಳು ಗೃಹಿಣಿ.

ಊಟದ ವಿಷಯವನ್ನು ಶಾಕಾಹಾರಿಗಳಾದ ವಾಚಕರಿಗಾಗಿ ಎರಡು ಮಾತಿನಲ್ಲಿ ಹೇಳುವೆವು. ಅಲ್ಲಿಯ ಸಾರುಗಳಿಗೆಲ್ಲ ಸಾಧಾರಣವಾಗಿ ಒಣಮೀನಿನ ಕಷಾಯವೇ ಆಧಾರ. ಪಾತ್ರೆಯಲ್ಲಿ ತರಕಾರಿ ಮಾತ್ರ ಕಂಡಿತೆಂದು ನಂಬಬಾರದು. ಬೌದ್ಧಮಠಗಳ ಪದ್ಧತಿಯ 'ಶೋಜಿನ್' ಊಟವನ್ನು ಕೇಳಿಕೊಂಡರೆ, ಕಡಲ ಪಾಚಿಯ ಸಾರು, ಸೋಯಾಗಡ್ಡೆ, ಬೇರುಗೆಡ್ಡೆಗಳನ್ನು ಬಡಿಸುವರು. ಉಪ್ಪಿನಲ್ಲಿ ಹಾಕಿದ 'ಉಮೆ' ಕಾಯಿಯ ಹುಳಿಯಂತೂ ಬಾಯಿಗೆ ಊರನ್ನು ನೆನಪಿಸಿತು. ಮಿಕ್ಕ ದಿನಗಳಲ್ಲಿ ಗೃಹಿಣಿಯ ಚೀಲದ ಅವಲಕ್ಕಿಯು ಕಾಪಾಡಿತು.

ಕ್ಯೋಟೋವಿನಲ್ಲಿ ಸ್ವರ್ಣಮಂಟಪಕ್ಕಿಂತಲೂ ನಮ್ಮನ್ನು ಹಿಡಿದು ನಿಲ್ಲಿಸಿದುದು ಸಾಂಜೂಸಾಂಗೆಂದೋ ಎಂಬ ಮಂದಿರ. ನೂರು ಮೀಟರಿಗೂ ಮಿಕ್ಕ ಉದ್ದದ ಒಂದೇ ಹಜಾರದಲ್ಲಿ ಸಹಸ್ರಭುಜ ಅವಲೋಕಿತೇಶ್ವರನ 1001 ಮೂರ್ತಿಗಳು ನಿಂತಿರುವುವು. 1249ರಲ್ಲಿ ಮಂದಿರವು ಸುಟ್ಟುಹೋದಾಗ ಉಳಿಸಿಕೊಂಡವು 124. ಮಿಕ್ಕವನ್ನು ಹೊಸದಾಗಿ ಕೆತ್ತಿ, 1266ರಲ್ಲಿ ಮಂದಿರವನ್ನು ಮತ್ತೆ ನಿಲ್ಲಿಸಿದರು. ಪರಿವಾರದೇವತೆಗಳಲ್ಲಿ ಇಂದ್ರ, ನಾರಾಯಣ, ಮಹೇಶ್ವರ, ಗರುಡ, ಕಿನ್ನರರು ಇರುವರು. ಹೆಸರು ತಿಳಿಯದಿದ್ದರೆ ಗುರುತು ಹತ್ತುವಂತಿಲ್ಲ. ಈ ಸಾವಿರ ಮುಖಗಳೊಳಗೆ ನಾವು ಕಾಣಬಯಸುವವರ ಮುಖವೊಂದು ಇದ್ದೇ ಇರುವುದೆಂದು ಅಲ್ಲಿಯ ಜನರ ನಂಬಿಕೆ. ಇದನ್ನು ಕೇಳಿದ ಮೇಲೆ ಗೃಹಿಣಿಯು ಬಹಳ ಹೊತ್ತು ನಿಧಾನವಾಗಿ ನಡೆದು, ಒಂದು ಕಡೆ ನಿಂತಳು. "ನಮ್ಮಕ್ಕನ ಹುಬ್ಬು ಹೀಗೆಯೇ ಇತ್ತು" ಎಂದಳು. ಆ ಅಕ್ಕನು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು.

ಕೊನೆಯ ಪಟ್ಟಣವು ಹಿರೋಶಿಮಾ. ಅದರ ಸಮೀಪದ ಮಿಯಾಜಿಮಾ ದ್ವೀಪದ ಬೆಟ್ಟದ ಮೇಲೆ, ಕೂಕಾಯ್ ಯತಿಯು 'ಗೋಮ' ಮಾಡಿ ಹೊತ್ತಿಸಿದ ಅಗ್ನಿಯು ಸಾವಿರದ ಇನ್ನೂರು ವರ್ಷಗಳಿಂದ ಆರಿಲ್ಲವೆಂದು ಹೇಳುವರು. 'ಗೋಮ'ವೆಂದರೆ ನಮ್ಮ ಹೋಮವೇ. ಹೊಗೆಯಿಂದ ಕಪ್ಪಾದ ಗುಡಿಯೊಳಗೆ ಆ ಬೆಂಕಿಯ ಮೇಲೆ ದೊಡ್ಡದೊಂದು ಕಬ್ಬಿಣದ ಪಾತ್ರೆಯಲ್ಲಿ ನೀರು ಕಾಯುತ್ತಿರುವುದು. ಹಿರೋಶಿಮಾದ ಶಾಂತಿವನದಲ್ಲಿ 1964ರಿಂದ ಉರಿಯುತ್ತಿರುವ ಜ್ವಾಲೆಗೆ ಕಿಡಿಯನ್ನಿತ್ತ ಬೆಂಕಿಗಳಲ್ಲಿ ಇದೂ ಒಂದು.

1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಆ ಪಟ್ಟಣದ ಮೇಲೆ ಅಣುಬಾಂಬು ಬಿದ್ದಿತು. ಆ ವರ್ಷದ ಕೊನೆಯೊಳಗೆ ಮಡಿದವರು ಸುಮಾರು 1,40,000 ಮಂದಿ. 1915ರಲ್ಲಿ ಕಟ್ಟಿದ ಗುಮ್ಮಟದ ಕಟ್ಟಡವೊಂದು ಅಸ್ಥಿಪಂಜರದಂತೆ ನದೀತೀರದಲ್ಲಿ ಉಳಿದಿದೆ. ಸುಟ್ಟ ಗುಡಿಗಳನ್ನೆಲ್ಲ ಮತ್ತೆ ಮತ್ತೆ ಕಟ್ಟಿದ ಜನರು ಇದನ್ನು ಮಾತ್ರ ಹಾಗೆಯೇ ಇಡಬೇಕೆಂದು 1966ರಲ್ಲಿ ನಗರಸಭೆಯಲ್ಲಿ ನಿಶ್ಚಯಿಸಿದರು. ವಸ್ತುಸಂಗ್ರಹಾಲಯದಲ್ಲಿ ಒಬ್ಬ ಶಾಲಾಬಾಲಕನ ಬುತ್ತಿಯ ಡಬ್ಬಿಯುಂಟು. ಒಳಗಿನ ಅನ್ನವು ಇದ್ದಿಲಾಗಿದೆ. ಬಾಂಬಿನ ದಾಳಿಯಾದರೆ ಬೆಂಕಿ ಹರಡದಿರಲೆಂದು ಸಾಲುಮನೆಗಳನ್ನು ಕೆಡವಲು ಅಂದು ಶಾಲೆಗಳಿಂದ ಹನ್ನೆರಡು ಹದಿಮೂರು ವರ್ಷದ ಮಕ್ಕಳನ್ನು ಕಳುಹಿಸಿದ್ದರು. ಅವರಲ್ಲಿ ಸಾವಿರಾರು ಮಂದಿ ಹಿಂದಿರುಗಲಿಲ್ಲ. ಗೃಹಿಣಿಯು ಡಬ್ಬಿಯ ಮುಂದೆ ನಿಲ್ಲಲಾರದೆ ಹೊರಗೆ ಹೋದಳು.

ವನದ ಅಂಚಿನಲ್ಲಿ, ಅಂದು ಮಡಿದ ಪ್ರಾಥಮಿಕ ಶಾಲೆಯ ಅಧ್ಯಾಪಕರಿಗೂ ಮಕ್ಕಳಿಗೂ 1971ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ಅಧ್ಯಾಪಕಿಯೊಬ್ಬಳು ಮಗುವನ್ನು ಎತ್ತಿಕೊಂಡು ಆಕಾಶವನ್ನು ನೋಡುತ್ತಿರುವಳು. ನಾವು ಬಹಳ ಹೊತ್ತು ಅಲ್ಲಿಯೇ ನಿಂತೆವು. ಅಷ್ಟರಲ್ಲಿ ಹಳದಿ ಟೋಪಿಗಳ ಮಕ್ಕಳ ತಂಡವೊಂದು ಬಂದು, ಕಾಗದದ ಕೊಕ್ಕರೆಗಳ ಮಾಲೆಯನ್ನು ಅರ್ಪಿಸಿ, ಬಗ್ಗಿ ನಮಸ್ಕರಿಸಿ, ಟ್ರಾಂಬಂಡಿಯ ನಿಲ್ದಾಣದ ಕಡೆಗೆ ಎರಡು ಸಾಲಾಗಿ ನಡೆಯಿತು. ಅವರ ಉಪಾಧ್ಯಾಯಿನಿಯು ಬಂಡಿ ಹತ್ತಿಸುವ ಮುನ್ನ ಒಂದೊಂದು ಟೋಪಿಯನ್ನೂ ಮುಟ್ಟಿ ಎಣಿಸಿದಳು. ಲೆಕ್ಕ ಸರಿಬಾರಲಿಲ್ಲವೋ ಏನೋ, ಬಂಡಿಯವನಿಗೆ ಕೈಮಾಡಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಎಣಿಸತೊಡಗಿದಳು.