ಎಂಜಿನ್ನಿನ ಒಡಲಿನ ಮಸಿ

ಬೆಂಕಿಯಿದ್ದಲ್ಲಿ ಮಸಿಯಿರುವುದು ಲೋಕದ ನಿಯಮ. ಸೌದೆಯ ಒಲೆ ಉರಿಯುತ್ತಿದ್ದ ಅಡುಗೆಮನೆಗಳನ್ನು ಕಂಡವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಜಂತೆಯಿಂದ ಜೋಲಾಡುವ ಇಲ್ಲಣ, ಹಂಡೆಯ ತಳದ ಕರಿ, ಗೂಡಿನಲ್ಲಿಟ್ಟ ದೀಪದ ಮೇಲ್ಗಡೆ ಗೋಡೆಗೆ ಹಿಡಿದ ಕಪ್ಪು, ಇವುಗಳೊಡನೆ ಸೆಣಸುವುದೇ ಹಬ್ಬದ ಹಿಂದಿನ ದಿನ ಮನೆಯ ಹೆಂಗಸರ ದೊಡ್ಡ ಕೆಲಸವಾಗಿತ್ತು. ಅನಿಲದ ಒಲೆ ಬಂದಮೇಲೆ ಗೋಡೆಗಳು ಬೆಳ್ಳಗಾದವು. ಇಲ್ಲಣವೆಂಬ ಮಾತೇ ನಗರದ ಮಕ್ಕಳಿಗೆ ಅಪರಿಚಿತವಾಯಿತು. ಆದರೆ ಮಸಿಗೆ ಇನ್ನೊಂದು ಬಿಡಾರ ಉಂಟು. ಮನೆಯ ಮುಂದೆ, ತೊಳೆದು ಒರೆಸಿದ ಮೈಯಿಂದ ಮಿರುಗುತ್ತ ನಿಂತಿರುವ ಮೋಟಾರು ಕಾರಿನ ಒಡಲೇ ಆ ಬಿಡಾರ.

ಎಂಜಿನ್ನೂ ಒಂದು ಬಗೆಯ ಒಲೆಯೇ. ಪೆಟ್ರೋಲೆಂಬುದು ಮುಖ್ಯವಾಗಿ ಇಂಗಾಲ, ಜಲಜನಕಗಳು ಕೂಡಿ ಆದ ದ್ರವ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಈ ಲೆಕ್ಕ ಸರಿಯಾಗಿ ಕೂಡಿಬಂದಾಗ ಇಂಗಾಲವು ಇಂಗಾಲದ ಡೈ ಆಕ್ಸೈಡಾಗಿ, ಜಲಜನಕವು ನೀರಾವಿಯಾಗಿ ಹೊರಟುಹೋಗುತ್ತವೆ. ಗಾಳಿ ಸಾಲದೆ ಹೋದರೆ, ಅಥವಾ ಪೆಟ್ರೋಲಿನ ಹನಿ ತಣ್ಣಗಿರುವ ಲೋಹಕ್ಕೆ ಅಂಟಿ ಆವಿಯಾಗದೆ ಉಳಿದರೆ, ಅರೆಬೆಂದ ಇಂಗಾಲ ಮಸಿಯಾಗಿ ನಿಲ್ಲುತ್ತದೆ. ಇದರೊಡನೆ ಎಂಜಿನ್ ಆಯಿಲಿನ ಆವಿಯೂ ಸೇರಿದರೆ, ಕರಿದ ಬಾಣಲೆಯ ಅಂಚಿನಲ್ಲಿ ಎಣ್ಣೆ ಜಿಡ್ಡುಗಟ್ಟಿ ಕಪ್ಪಾಗುವಂತೆ, ಪದರದ ಮೇಲೆ ಪದರ ಏರುತ್ತದೆ.

ಹಳೆಯ ಕಾಲದ ಕಾರುಗಳಿಗೆ ಈ ವ್ಯಾಧಿ ಹೊಸದಾಗಿರಲಿಲ್ಲ. ಅಂಬಾಸಿಡರ್, ಫಿಯಟ್ ಕಾರುಗಳ ದಿನಗಳಲ್ಲಿ ಎಂಜಿನ್ನಿನ ಹೆಡ್ಡನ್ನು ಬಿಚ್ಚಿ, ಪಿಸ್ಟನ್ನಿನ ನೆತ್ತಿಗೆ ಅಂಟಿದ ಮಸಿಯನ್ನು ಕೆರೆದು ತೆಗೆದು, ವಾಲ್ವುಗಳನ್ನು ಉಜ್ಜಿ ಕೂರಿಸುವುದು ಗ್ಯಾರೇಜುಗಳ ನಿತ್ಯಕರ್ಮಗಳಲ್ಲಿ ಒಂದು. ಕೀಲಿಕೈ ತಿರುಗಿಸಿ ತೆಗೆದಮೇಲೂ ಎಂಜಿನ್ನು ನಾಲ್ಕು ಸಲ ಗುಕ್ಕುಗುಕ್ಕೆಂದು ಕೆಮ್ಮಿ ನಿಲ್ಲುವುದನ್ನು ಕಂಡವರು ಇಂದಿಗೂ ಇದ್ದಾರೆ. ಒಳಗೆ ಕೆಂಡದಂತೆ ಕಾದಿದ್ದ ಮಸಿಯೇ ಪ್ಲಗ್ಗಿನ ಕಿಡಿಯಿಲ್ಲದೆ ಪೆಟ್ರೋಲಿಗೆ ಬೆಂಕಿ ಹಚ್ಚುತ್ತಿದ್ದುದು ಆ ಕೆಮ್ಮಿಗೆ ಒಂದು ಕಾರಣ. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯ ಪ್ಲಗ್ಗನ್ನು ಬಿಚ್ಚಿ, ತಂತಿಯ ಬ್ರಷ್ಷಿನಿಂದ ಅದರ ಮೂತಿಯನ್ನು ಉಜ್ಜಿ ಮತ್ತೆ ತೊಡಿಸುವ ವಿದ್ಯೆ ಬೆಂಗಳೂರಿನ ಅನೇಕ ಮನೆಗಳ ಯಜಮಾನರಿಗೆ ಕರತಲಾಮಲಕವಾಗಿತ್ತು.

ಆಮೇಲೆ ಕಾರ್ಬೊರೇಟರು ಹೋಗಿ ಇಂಜೆಕ್ಟರು ಬಂತು. 2000ದ ವೇಳೆಗೆ ದೇಶದ ಪೆಟ್ರೋಲಿನಿಂದ ಸೀಸವೂ ತೊಲಗಿತು. ಒಳಬರುವ ಗಾಳಿಯ ದಾರಿಯಲ್ಲಿ, ವಾಲ್ವಿನ ಬೆನ್ನಿಗೆ ಗುರಿಯಿಟ್ಟು ಪೆಟ್ರೋಲನ್ನು ಸಿಂಪಡಿಸುವುದು ಈ ಹೊಸ ಏರ್ಪಾಡು. ಎಷ್ಟು ಪೆಟ್ರೋಲು ಬೇಕೆಂಬ ಲೆಕ್ಕವನ್ನು ಪುಟ್ಟದೊಂದು ಕಂಪ್ಯೂಟರು ನೋಡಿಕೊಳ್ಳುತ್ತದೆ. ಇದರಿಂದ ಯಾರೂ ಬೇಡದೆಯೇ ಒಂದು ಉಪಕಾರವಾಯಿತು. ಪೆಟ್ರೋಲಿನಲ್ಲಿ ಬೆರೆಸಿರುವ ಶುದ್ಧಿಕಾರಕ ದ್ರವ್ಯಗಳು ವಾಲ್ವಿನ ಬೆನ್ನನ್ನು ಹಗಲಿರುಳೂ ತೊಳೆಯುತ್ತಿದ್ದವು. ಹೆಡ್ ಬಿಚ್ಚಿ ಮಸಿ ಕೆರೆಯುವ ಮಾತನ್ನು ಜನ ಮರೆತೇಬಿಟ್ಟರು.

ಮನುಷ್ಯನ ಬುದ್ಧಿ ಅಲ್ಲಿಗೇ ನಿಲ್ಲಲಿಲ್ಲ. ವಾಲ್ವಿನ ಹೊರಗೇಕೆ, ನೇರವಾಗಿ ಸಿಲಿಂಡರಿನ ಒಳಕ್ಕೇ ಪೆಟ್ರೋಲನ್ನು ಚಿಮ್ಮಿಸಿದರೆ ಹನಿಹನಿಯ ಲೆಕ್ಕವೂ ಸಿಕ್ಕೀತಲ್ಲವೆ ಎಂಬುದು ಹಳೆಯ ಆಲೋಚನೆ. 1954ರಲ್ಲಿಯೇ ಜರ್ಮನಿಯ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ ಕಾರಿನಲ್ಲಿ ಅದು ರೂಪುಗೊಂಡಿತ್ತು. 1996ರಲ್ಲಿ ಜಪಾನಿನ ಮಿತ್ಸುಬಿಷಿ ಸಂಸ್ಥೆ ತನ್ನ ಗ್ಯಾಲಂಟ್ ಕಾರಿನಲ್ಲಿ ಕಂಪ್ಯೂಟರಿನ ಹಿಡಿತದೊಡನೆ ಅದನ್ನು ಸಾಮಾನ್ಯರ ಕೈಗೆಟುಕಿಸಿತು. ಹಿಂದಿನ ಇಂಜೆಕ್ಟರಿಗೆ ಮೂರು ನಾಲ್ಕು ವಾಯುಭಾರದಷ್ಟು ಒತ್ತಡ ಸಾಕಾಗಿದ್ದರೆ, ಇಂದಿನ ನೇರ ಇಂಜೆಕ್ಟರುಗಳು 200ರಿಂದ 350 ವಾಯುಭಾರಗಳ ಒತ್ತಡದಲ್ಲಿ ಪೆಟ್ರೋಲನ್ನು ಮಂಜಿನಂತೆ ಚಿಮ್ಮುತ್ತವೆ. ಸಣ್ಣ ಎಂಜಿನ್ನಿಗೆ ದೊಡ್ಡ ಬಲ ಬಂತು, ಮೈಲೇಜೂ ಹೆಚ್ಚಿತು. ಜಿಡಿಐ, ಟಿಎಸ್‌ಐ ಮುಂತಾದ ಅಕ್ಷರಗಳನ್ನು ಬೆನ್ನಿಗೆ ಹಚ್ಚಿಕೊಂಡು ನಗರದಲ್ಲಿ ಓಡಾಡುವ ಪೆಟ್ರೋಲ್ ಕಾರುಗಳು ಈ ವಂಶಕ್ಕೆ ಸೇರಿದವು.

ಆದರೆ ಹಳೆಯ ಉಪಕಾರವೊಂದು ಸದ್ದಿಲ್ಲದೆ ತಪ್ಪಿಹೋಯಿತು. ಪೆಟ್ರೋಲು ಈಗ ಗಾಳಿಯ ವಾಲ್ವಿನ ಬೆನ್ನನ್ನು ಮುಟ್ಟುವುದೇ ಇಲ್ಲ. ಅಲ್ಲಿಗೆ ಬರುವುದು ಗಾಳಿ. ಗಾಳಿಯೊಡನೆ ಎಂಜಿನ್ನಿನ ಕೆಳಕೋಣೆಯಿಂದ ಬ್ರೀದರ್ ಕೊಳವೆಯ ಮೂಲಕ ಎಳೆದು ತರುವ ಆಯಿಲಿನ ಆವಿ. ಈ ಆವಿಯನ್ನು ಹೊರಗೆ ಬಿಟ್ಟರೆ ಊರಿನ ಗಾಳಿ ಕೆಡುತ್ತದೆಂದು ಅದನ್ನು ಮತ್ತೆ ಎಂಜಿನ್ನಿಗೇ ಉಣಿಸುವ ಕಟ್ಟಳೆ ಉಂಟು. ಆ ಆವಿ ಬಿಸಿ ವಾಲ್ವಿಗೆ ತಾಗಿ, ಸೀದು, ಗಟ್ಟಿಯಾಗಿ ಕೂರುತ್ತದೆ, ತೊಳೆಯುವವರಿಲ್ಲ. ದಿನವೂ ನೀರು ಹಾಕುವ ಅಂಗಳಕ್ಕೂ ನೀರು ಕಾಣದ ಹಿತ್ತಿಲಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ.

ಬಸವನಗುಡಿಯ ಗೃಹಸ್ಥರೊಬ್ಬರ ಕಥೆ ಇದಕ್ಕೆ ತಕ್ಕ ನಿದರ್ಶನ. ಸೇವೆಯಿಂದ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಅವರು ಇಂಥದೊಂದು ಕಾರನ್ನು ಕೊಂಡರು. ವಯಸ್ಸಾದ ತಾಯಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಮನೆಯಲ್ಲೊಂದು ವಾಹನವಿರಲೆಂಬುದು ಮುಖ್ಯ ಉದ್ದೇಶ. ಕಾರನ್ನು ಅವರು ನೋಡಿಕೊಂಡ ಬಗೆಯನ್ನು ಕಂಡರೆ ಯಾವ ಸೊಸೆಯೂ ಅಸೂಯೆಪಡಬೇಕು. ಬೆಳಿಗ್ಗೆ ಗಾಂಧಿ ಬಜಾರಿಗೆ ಹೋಗಿ ಹೂವು ತರಕಾರಿ ತರುವುದು, ಸಂಜೆ ದೇವಸ್ಥಾನಕ್ಕೆ ಹೋಗಿ ಬರುವುದು, ಇಷ್ಟೇ ಅದರ ಸಂಚಾರ. ಗಂಟೆಗೆ 40 ಕಿಲೋಮೀಟರು ಮೀರಿದ್ದಿಲ್ಲ. ವರ್ಷಕ್ಕೆ ಓಡುತ್ತಿದ್ದುದು ಎರಡು ಮೂರು ಸಾವಿರ ಕಿಲೋಮೀಟರು. ಅಷ್ಟಕ್ಕೆ ಆಯಿಲ್ ಬದಲಾಯಿಸುವುದು ದಂಡವೆಂದು ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದರು.

ನಾಲ್ಕೈದು ವರ್ಷಗಳಲ್ಲಿ ಚಳಿಗಾಲದ ಬೆಳಗಿನ ಹೊತ್ತು ಎಂಜಿನ್ನು ನಡುಗತೊಡಗಿತು. ಆಕ್ಸಿಲರೇಟರು ತುಳಿದರೆ ಪಿಕಪ್ ಇಲ್ಲ. ಸಿಗ್ನಲಿನಲ್ಲಿ ನಿಂತಾಗ ಮೈಯೆಲ್ಲ ಅದುರು. ಮುಂದಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ. ಒಂದು ಬೆಳಗಿನ ಜಾವ ತಾಯಿಗೆ ಉಸಿರು ಕಟ್ಟಿದಂತಾದಾಗ ಕಾರು ಮೂರು ಸಲ ಸ್ಟಾರ್ಟ್ ಆಗಿ ಮೂರು ಸಲವೂ ಆರಿಹೋಯಿತು. ಪಕ್ಕದ ಮನೆಯವರು ಆಟೊ ಹಿಡಿದುಕೊಟ್ಟರು. ತಾಯಿ ಚೇತರಿಸಿಕೊಂಡು ಮನೆಗೆ ಬಂದರು. ಆದರೆ ಯಜಮಾನರ ಮನಸ್ಸು ಚೇತರಿಸಿಕೊಳ್ಳಲಿಲ್ಲ.

“ಭಾವ, ಪೆಟ್ರೋಲ್ ಟ್ಯಾಂಕಿಗೆ ಇದನ್ನೊಂದು ಹಾಕಿ, ಎಲ್ಲಾ ಕ್ಲೀನಾಗುತ್ತೆ” ಎಂದು ಮಡದಿಯ ತಮ್ಮ ಒಂದು ಸೀಸೆ ತಂದುಕೊಟ್ಟ. ಫಲ ಕಾಣಲಿಲ್ಲ. ದೊಡ್ಡ ವರ್ಕ್‌ಷಾಪೊಂದರಲ್ಲಿ ಜಲಜನಕದ ಅನಿಲವನ್ನು ಹಾಯಿಸುವ ಚಿಕಿತ್ಸೆ ನಡೆಯಿತು. ಖರ್ಚಾಯಿತು, ನಡುಕ ಉಳಿಯಿತು. ಕೊನೆಗೆ ವಿಲ್ಸನ್ ಗಾರ್ಡನ್ ಕಡೆಯ ಸಣ್ಣ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕೊಬ್ಬರು ಮೊದಲು ಪ್ಲಗ್ಗುಗಳನ್ನೂ ಕಾಯಿಲುಗಳನ್ನೂ ಪರೀಕ್ಷಿಸಿ, ದೋಷ ಅಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಬಳಿಕ ಹುರಿಯಂತೆ ಸಪೂರವಾದ ಕ್ಯಾಮರಾ ಒಂದನ್ನು ಗಾಳಿಯ ದಾರಿಯೊಳಕ್ಕೆ ಇಳಿಸಿದರು. ಪರದೆಯ ಮೇಲೆ ಕಂಡ ವಾಲ್ವುಗಳು ವಾಲ್ವುಗಳಂತಿರಲಿಲ್ಲ, ಕಲ್ಲಿದ್ದಲಿನ ಉಂಡೆಗಳಂತಿದ್ದವು.

“ಸಾರ್, ಗಾಡಿನ ನೀವು ತುಂಬಾ ಚೆನ್ನಾಗಿ ನೋಡ್ಕೊಂಡಿದೀರ. ಅದೇ ತೊಂದರೆ” ಎಂದರು ಆ ಮೆಕ್ಯಾನಿಕ್ಕು. “ಇದು ಬಿಸಿಯಾಗೋದ್ರೊಳಗೆ ಮನೆ ಸೇರಿಬಿಡುತ್ತೆ.”

ಆ ಮಾತಿನಲ್ಲಿ ಶಾಸ್ತ್ರವೇ ಅಡಗಿದೆ. ತಣ್ಣಗಿರುವ ಎಂಜಿನ್ನಿಗೆ ಕಂಪ್ಯೂಟರು ಹೆಚ್ಚು ಪೆಟ್ರೋಲು ಕೊಡುತ್ತದೆ. ಅದರಲ್ಲಿ ಸ್ವಲ್ಪ ಉರಿಯದೆ ಸಿಲಿಂಡರಿನ ಗೋಡೆಯಿಂದಿಳಿದು ಆಯಿಲಿಗೆ ಬೆರೆಯುತ್ತದೆ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ; ಅದರ ಅಂಶವೂ ತಣ್ಣನೆಯ ಎಂಜಿನ್ನಿನ ಕೆಳಕೋಣೆಯಲ್ಲಿ ಇಂಗಿ ಆಯಿಲನ್ನು ಸೇರುತ್ತದೆ. ಎಂಜಿನ್ನು ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಇವೆರಡೂ ಬಹುಮಟ್ಟಿಗೆ ಆವಿಯಾಗಿ ಹೋಗುತ್ತವೆ. ಎರಡು ಕಿಲೋಮೀಟರಿನ ಓಡಾಟದಲ್ಲಿ ಅದಕ್ಕೆ ಅವಕಾಶವೆಲ್ಲಿ? ಪ್ಲಗ್ಗಿನ ಮೂತಿಯೂ ಹಾಗೆಯೇ. ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, ಮುಟ್ಟದಿದ್ದರೆ ಹೊತ್ತುಕೊಂಡಿರುತ್ತದೆ.

ಸೀಸೆಯ ಔಷಧ ಸುಳ್ಳೆಂದಲ್ಲ. ಪಾಲಿಈಥರ್ ಅಮೈನ್ ಎಂಬ ದ್ರವ್ಯವುಳ್ಳ ಒಳ್ಳೆಯ ಔಷಧವು ಇಂಜೆಕ್ಟರಿನ ಬಾಯನ್ನೂ ದಹನದ ಕೋಣೆಯನ್ನೂ ಶುದ್ಧಿಮಾಡಬಲ್ಲದು. ಆದರೆ ಅದು ಪೆಟ್ರೋಲಿನೊಡನೆ ಹೋಗತಕ್ಕದ್ದು. ನೇರ ಇಂಜೆಕ್ಷನ್ನಿನ ಕಾರಿನಲ್ಲಿ ಪೆಟ್ರೋಲೇ ಹೋಗದ ವಾಲ್ವಿನ ಬೆನ್ನಿಗೆ ಅದು ಹೋಗುವ ಬಗೆ ಹೇಗೆ? ಜಲಜನಕದ ಚಿಕಿತ್ಸೆಯಾದರೂ ಉರಿಯನ್ನು ನಂಬಿದ್ದು. ಆ ಬೆನ್ನಿನ ಮೇಲೆ ಉರಿಯೇ ಇಲ್ಲ. ಕಣ್ಣಿನ ನೋವಿಗೆ ಕಿವಿಗೆ ಎಣ್ಣೆ ಬಿಟ್ಟಂತಾಯಿತು.

ಅಂಥ ಗಟ್ಟಿ ಪದರಕ್ಕೆ ನಂಬತಕ್ಕ ಚಿಕಿತ್ಸೆ ಕೈಯಿಂದ ಮಾಡುವುದೇ. ಗಾಳಿಯ ಕೊಳವೆಗಳನ್ನು ಬಿಚ್ಚಿ, ಶುಚಿಗೊಳಿಸಬೇಕಾದ ವಾಲ್ವು ಪೂರ್ತಿ ಮುಚ್ಚಿಕೊಳ್ಳುವಂತೆ ಎಂಜಿನ್ನನ್ನು ತಿರುಗಿಸಿ ನಿಲ್ಲಿಸಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಒತ್ತಡದ ಗಾಳಿಯಿಂದ ಅದರ ಮೇಲೆ ಎರಚುತ್ತಾರೆ. ಪಕ್ಕದ ಕೊಳವೆ ಪುಡಿಯನ್ನೂ ಮಸಿಯನ್ನೂ ಹೀರಿಕೊಳ್ಳುತ್ತದೆ. ಚಿಪ್ಪು ಮಸಿಯನ್ನು ಕೀಳುವಷ್ಟು ಗಡಸು, ಲೋಹವನ್ನು ಗೀರದಷ್ಟು ಮೆದು. ಚಳಿಗಾಲದಲ್ಲಿ ಮಕ್ಕಳು ತಿಂದು ಎಸೆಯುವ ಅಕ್ರೋಟಿನ ಚಿಪ್ಪಿಗೆ ಇಂಥ ಘನಕಾರ್ಯವೂ ಉಂಟೆಂದರೆ ಆಶ್ಚರ್ಯವಲ್ಲವೆ! ಬಸವನಗುಡಿಯ ಕಾರಿಗೆ ಈ ಚಿಕಿತ್ಸೆ ಒಂದು ದಿನ ಹಿಡಿಯಿತು, ನಡುಕ ನಿಂತಿತು.

ಇದನ್ನೋದಿ ಎಲ್ಲರೂ ಗ್ಯಾರೇಜಿಗೆ ಓಡಬೇಕಾಗಿಲ್ಲ. ವಾಲ್ವಿನ ಬೆನ್ನಿಗೇ ಪೆಟ್ರೋಲು ಸಿಂಪಡಿಸುವ ಕಾರುಗಳು ಇಂದಿಗೂ ಹೇರಳವಾಗಿವೆ; ಅವುಗಳಿಗೆ ಈ ಕಾಯಿಲೆ ಅಪರೂಪ. ಟೊಯೊಟದಂಥ ಸಂಸ್ಥೆಗಳು ಕೆಲವು ಎಂಜಿನ್ನುಗಳಲ್ಲಿ ಎರಡು ಬಗೆಯ ಇಂಜೆಕ್ಟರುಗಳನ್ನೂ ಇರಿಸಿ ಹಳೆಯ ಉಪಕಾರವನ್ನು ಮರಳಿ ತಂದಿವೆ. ಟರ್ಬೊ ಎಂಬ ಹೆಸರು ಮಾತ್ರದಿಂದ ಏನೂ ತಿಳಿಯದು. ತಮ್ಮದು ಯಾವ ವಂಶದ ಎಂಜಿನ್ನೆಂದು ಮೊದಲು ವಿಚಾರಿಸಿಕೊಳ್ಳಬೇಕು. ಸರ್ವಿಸಿಗೆ ಬಿಟ್ಟಾಗಲೆಲ್ಲ “ಡೀಕಾರ್ಬನೈಸ್ ಮಾಡಿಸಿ ಸಾರ್” ಎಂಬ ಒತ್ತಾಯ ಬಂದರೆ, ಕ್ಯಾಮರಾ ಇಳಿಸಿ ಮಸಿಯನ್ನು ತೋರಿಸಿರೆಂದು ಕೇಳುವ ಹಕ್ಕು ಹಣ ಕೊಡುವವರಿಗೆ ಇದ್ದೇ ಇದೆ. ಚಿಕಿತ್ಸೆಯಾದಮೇಲೂ ಅದೇ ಕ್ಯಾಮರಾ ಸಾಕ್ಷಿ ನುಡಿಯಲಿ.

ಡೀಸೆಲ್ ಕಾರಿನವರಿಗೂ ಒಂದು ಮಾತು ಸಲ್ಲುತ್ತದೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಜಾಲರಿ ಇರುತ್ತದೆ. ಸಂಗ್ರಹವಾದ ಮಸಿಯನ್ನು ಅದು ಸುಮಾರು 600 ಡಿಗ್ರಿಯ ಶಾಖದಲ್ಲಿ ಆಗಾಗ ಸುಟ್ಟುಹಾಕಬೇಕು. ನಗರದ ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಕಾರಿನಲ್ಲಿ ಆ ಶಾಖ ಹುಟ್ಟುವುದು ಕಷ್ಟ. ಜಾಲರಿಯ ದೀಪ ಹೊತ್ತಿಕೊಂಡಾಗ ಕೈಪಿಡಿಯಲ್ಲಿ ಹೇಳಿದಂತೆ ತೆರಪಾದ ರಸ್ತೆಯಲ್ಲಿ ಒಂದೇ ಸಮನಾದ ವೇಗದಲ್ಲಿ ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ಉದಾಸೀನ ಮಾಡಿದರೆ ಜಾಲರಿಯ ಬೆಲೆ ಮನೆಯ ಬಜೆಟ್ಟನ್ನೇ ಸುಡುತ್ತದೆ.

ಉಳಿದ ಎಚ್ಚರಿಕೆಗಳು ಸರಳವಾದವು. ವಾರಕ್ಕೊಮ್ಮೆಯಾದರೂ ಎಂಜಿನ್ನು ಪೂರ್ತಿ ಬಿಸಿಯಾಗುವಂತೆ ಅರ್ಧ ಮುಕ್ಕಾಲು ಗಂಟೆ ಓಡಿಸುವುದು. ಕೂತ ಮಸಿಯನ್ನು ಇದು ವಾಲ್ವಿನಿಂದ ಕೀಳದು, ಆದರೆ ಪ್ಲಗ್ಗನ್ನೂ ಆಯಿಲನ್ನೂ ಹದದಲ್ಲಿಡುತ್ತದೆ. ಕಿಲೋಮೀಟರು ತುಂಬದಿದ್ದರೂ ಕೈಪಿಡಿಯಲ್ಲಿ ಹೇಳಿದ ತಿಂಗಳು ತುಂಬಿದರೆ ಆಯಿಲ್ ಬದಲಾಯಿಸುವುದು, ಅದೂ ಅಲ್ಲಿ ಹೇಳಿದ ಗ್ರೇಡಿನದೇ. ಕಳಪೆ ಆಯಿಲು ಬೇಗ ಆವಿಯಾಗಿ ವಾಲ್ವಿಗೆ ಮೆತ್ತುತ್ತದೆ. ಗಾಳಿಯ ಫಿಲ್ಟರು, ಬ್ರೀದರ್ ಕೊಳವೆ, ಪ್ಲಗ್ಗುಗಳನ್ನು ಸಕಾಲದಲ್ಲಿ ನೋಡಿಸುವುದು. ಕಾರನ್ನು ನಿಲ್ಲಿಸಿಕೊಂಡು ಸುಮ್ಮನೆ ಎಂಜಿನ್ನು ಉರಿಸದಿರುವುದು. ಹೆಚ್ಚು ಆಕ್ಟೇನಿನ ಪೆಟ್ರೋಲು ಹೆಚ್ಚು ಶುದ್ಧಿ ಮಾಡುತ್ತದೆಂಬ ಭ್ರಮೆಯನ್ನು ಬಿಡುವುದು. ಆಕ್ಟೇನ್ ಎಂಬುದು ಅಕಾಲದಲ್ಲಿ ಹೊತ್ತಿಕೊಳ್ಳದಿರುವ ಗುಣದ ಅಳತೆ, ಶುದ್ಧಿ ಮಾಡುವುದು ಅದರಲ್ಲಿ ಬೆರೆಸಿದ ದ್ರವ್ಯ.

ಬಾಗಿಲಲ್ಲಿ ನಿಲ್ಲಿಸಿ ಕಣ್ತುಂಬ ನೋಡುವುದಕ್ಕೆಂದು ಯಂತ್ರವನ್ನು ಮಾಡಿದವರಿಲ್ಲ. ಓಡುವುದು ಅದರ ಧರ್ಮ. ಬಿಸಿಯಾಗಿ ಓಡಿದಾಗಲೇ ಅದರ ಒಡಲು ಶುಚಿ. ಬಸವನಗುಡಿಯ ಯಜಮಾನರು ಈಗ ಭಾನುವಾರ ಬೆಳಿಗ್ಗೆ ತಾಯಿಯನ್ನೂ ಮಡದಿಯನ್ನೂ ಕೂರಿಸಿಕೊಂಡು ತುಮಕೂರಿನ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ, ತಿಂಡಿ ತಿಂದು ಬರುತ್ತಾರೆ. ಕಾರಿಗೆ ಬರೆದುಕೊಟ್ಟ ಔಷಧಿಯಿಂದ ಮನೆಮಂದಿಗೂ ಗುಣ ಕಂಡಿದೆಯೆಂದು ಅವರ ಮಡದಿ ನೆರೆಹೊರೆಯವರಲ್ಲಿ ಹೇಳಿಕೊಳ್ಳುತ್ತಿದ್ದಾರಂತೆ.