ಕಣ್ಣಾರೆ ಕಂಡದ್ದು

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನು ನಮ್ಮ ಮನೆಗೆ ಬಂದಿದ್ದನು. ಅವನಿಗೆ ಈಗ 14 ವರ್ಷ. ಒಂದು ಸಾಯಂಕಾಲ ನಾನು ಜಗಲಿಯ ಮೇಲೆ ಕುಳಿತು ಪತ್ರಿಕೆಯನ್ನು ಓದುತ್ತಿದ್ದೆನು. ಅವನು ಕಂಬಕ್ಕೆ ಒರಗಿ ಮೊಬೈಲನ್ನು ನೋಡುತ್ತಿದ್ದನು. ಇದ್ದಕ್ಕಿದ್ದಂತೆ ನಕ್ಕನು. ಮಕ್ಕಳ ನಗುವಿನಲ್ಲಿ ತಮಗೂ ಒಂದು ಪಾಲು ಬೇಕೆಂಬುದು ಮುದುಕರ ಆಸೆಯಷ್ಟೆ. "ಏನೋ ಅದು? ನನಗೂ ತೋರಿಸು" ಎಂದು ಬಗ್ಗಿ ನೋಡಿದೆನು. ಯಾವುದೋ ಊರಿನ ಯಾವುದೋ ಬೀದಿ. ಹತ್ತು ಹನ್ನೆರಡು ಮಂದಿ ಒಬ್ಬನನ್ನು ನೆಲಕ್ಕೆ ಕೆಡವಿ ಹೊಡೆಯುತ್ತಿದ್ದರು. ಅವನು ಎರಡು ಕೈಗಳಿಂದಲೂ ತಲೆಯನ್ನು ಮುಚ್ಚಿಕೊಂಡಿದ್ದನು. ಅದರ ಕೆಳಗೆ ನಗುವ ಮುಖದ ಗುರುತುಗಳು ಸಾಲಾಗಿ ನಿಂತಿದ್ದುವು.

ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನಾಲಗೆ ಸುಮ್ಮನಿರುವುದೆ? ಈ ಕಾಲದ ಹುಡುಗರ ಕಲ್ಲೆದೆ, ಕರುಣೆಯ ಬತ್ತುವಿಕೆ ಮುಂತಾದ ವಿಷಯಗಳನ್ನು ಕುರಿತು ಅಲ್ಲಿಯೇ ಒಂದು ಉಪನ್ಯಾಸವನ್ನು ಮಾಡಿಬಿಟ್ಟೆನು. ಹುಡುಗನು ಮರುಮಾತಾಡದೆ ಎದ್ದು ಒಳಕ್ಕೆ ಹೋದನು. ಉಪನ್ಯಾಸವು ಚೆನ್ನಾಗಿತ್ತೆಂದೇ ಆಗ ನನಗೆ ತೋರಿತು.

ರಾತ್ರಿ ಸುಮಾರು ಒಂದು ಗಂಟೆಗೆ ನೀರು ಕುಡಿಯಲೆಂದು ಎದ್ದಾಗ ಅವನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಹಾಸಿಗೆಯ ಮೇಲೆ ಮೊಣಕಾಲನ್ನು ತಬ್ಬಿಕೊಂಡು ಕುಳಿತಿದ್ದನು.

"ಯಾಕೆ ಮರಿ, ನಿದ್ದೆ ಬರಲಿಲ್ಲವೆ?"

"ದೀಪ ಆರಿಸಿದರೆ ಆ ಮನುಷ್ಯನ ಕೈಗಳೇ ಕಾಣುತ್ತವೆ ತಾತ."

"ಹಾಗಾದರೆ ಸಾಯಂಕಾಲ ನಕ್ಕದ್ದೇಕೆ?"

"ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ನಗುತ್ತಿದ್ದರು. ನಗದಿದ್ದರೆ ಹೆದರಿಕೊಂಡನೆಂದು ಹಾಸ್ಯ ಮಾಡುತ್ತಾರೆ. ನಾನೂ ನಕ್ಕುಬಿಟ್ಟೆ."

ನನ್ನ ಉಪನ್ಯಾಸವು ಎಷ್ಟು ಪೊಳ್ಳೆಂಬುದು ಆ ಗಳಿಗೆಯಲ್ಲಿ ತಿಳಿಯಿತು. ಅವನ ನಗು ಹಾಸ್ಯದಿಂದ ಹುಟ್ಟಿದುದಲ್ಲ. ಭಯವೇ ನಗುವಿನ ವೇಷವನ್ನು ಹಾಕಿಕೊಂಡು ಬಂದಿತ್ತು. ನಮ್ಮ ಹಿಂದಿನವರು ಈ ವಿಷಯದಲ್ಲಿ ಎಷ್ಟು ಎಚ್ಚರದಿಂದ ಇದ್ದರು! ಯುದ್ಧ, ಮರಣ, ಪಟ್ಟಣದ ಮುತ್ತಿಗೆ ಇವುಗಳನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕಾದಿಗಳ ಮೂಲಕ ಸೂಚಿಸತಕ್ಕದ್ದೆಂದು ಭರತನ ನಾಟ್ಯಶಾಸ್ತ್ರವು ವಿಧಿಸುತ್ತದೆ. ಭಾಸನು ಊರುಭಂಗದಲ್ಲಿ ದುರ್ಯೋಧನನ ಮರಣವನ್ನು ರಂಗಕ್ಕೇ ತಂದನು. ಆದರೆ ಅದು ಕಾವ್ಯ. ಕಾವ್ಯದಲ್ಲಿ ಕಂಡ ದುಃಖವು ನನ್ನದೂ ಅಲ್ಲ, ಇನ್ನೊಬ್ಬನದೂ ಅಲ್ಲ. ಸಾಧಾರಣೀಕರಣ ಹೊಂದಿದ ಆ ಭಾವವೇ ರಸವಾಗುವುದೆಂದು ಅಭಿನವಗುಪ್ತನ ಸಿದ್ಧಾಂತ. ಮೊಬೈಲಿನಲ್ಲಿ ಕಂಡ ರಕ್ತವಾದರೋ ನಿಜವಾಗಿ ಒಬ್ಬನ ರಕ್ತ. ಅದನ್ನು ಕಂಡ ಹುಡುಗನಿಗೆ ರಸವೂ ಇಲ್ಲ, ಓಡಿಹೋಗಿ ಬಿಡಿಸುವ ಉಪಾಯವೂ ಇಲ್ಲ. ಎರಡೂ ಇಲ್ಲದ ಮೇಲೆ ಒಬ್ಬನು ನಗುತ್ತಾನೆ, ಒಬ್ಬನು ಮೌನಿಯಾಗುತ್ತಾನೆ, ಮತ್ತೊಬ್ಬನು ಆ ಭಾರವನ್ನು ಇಳಿಸಿಕೊಳ್ಳಲೆಂದು ಹತ್ತು ಮಂದಿಗೆ ಕಳಿಸುತ್ತಾನೆ.

ಅವನನ್ನು ಗದರಿಸಲು ನನಗೆ ಅಧಿಕಾರವಿರಲಿಲ್ಲವೆಂಬುದಕ್ಕೆ ಇನ್ನೊಂದು ಕಾರಣವುಂಟು. ಮನೆಯಲ್ಲಿ ಯಾರಿಗೂ ಹೇಳದೆ ಇದ್ದ ಆ ಸಂಗತಿಯನ್ನು ಅಂದು ರಾತ್ರಿ ಅವನಿಗೆ ಹೇಳಿದೆನು. ವಾಚಕರಲ್ಲಿಯೂ ನಿವೇದಿಸಿಕೊಳ್ಳುತ್ತೇನೆ.

ನಾನು ನಿವೃತ್ತನಾದುದು 2018ರಲ್ಲಿ. ಆ ವರ್ಷದ ಬೇಸಗೆಯಲ್ಲಿ ಮಕ್ಕಳ ಕಳ್ಳರು ಬಂದಿರುವರೆಂಬ ವದಂತಿಯು ನಾಡಿನಲ್ಲೆಲ್ಲ ಹಬ್ಬಿತ್ತು. ನನ್ನ ಹಳೆಯ ಶಿಷ್ಯರು ಸೇರಿಸಿದ್ದ ಗುಂಪಿನಲ್ಲಿ ಸುಮಾರು ನೂರು ಮಂದಿ ಇದ್ದರು. ಒಂದು ದಿನ ಯಾರೋ ನನಗೆ ಒಂದು ವಿಡಿಯೋವನ್ನು ಕಳಿಸಿದರು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಮೋಟಾರು ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಷ್ಟಕ್ಕೆ ಮುಗಿಯಿತು. ನನ್ನ ಎದೆ ನಡುಗಿತು. "ಕಣ್ಣಾರೆ ಕಂಡಿದ್ದೇನೆ, ಎಚ್ಚರದಿಂದಿರಿ" ಎಂದು ಬರೆದು ಗುಂಪಿಗೆ ಕಳಿಸಿದೆನು.

ಪ್ರತಿವರ್ಷವೂ ಉತ್ತರದೇಶದಿಂದ ಬಂದು ಸೈಕಲ್ಲಿನ ಮೇಲೆ ಹೊದಿಕೆಗಳನ್ನು ಮಾರುವವನೊಬ್ಬನು ನಮ್ಮ ಊರಿಗೆ ಬರುತ್ತಿದ್ದನು. ಮೂರನೆಯ ದಿನ ಅವನು ಹಿಂದಿನ ಬೀದಿಯಲ್ಲಿ ಒಂದು ಮಗುವಿಗೆ ಪೆಪ್ಪರಮೆಂಟು ಕೊಟ್ಟನಂತೆ. ಜನ ಮುತ್ತಿಕೊಂಡರು. ಗದ್ದಲವನ್ನು ಕೇಳಿ ನಾನು ಹೋಗುವ ವೇಳೆಗೆ ಅವನ ಹಣೆಯಿಂದ ರಕ್ತ ಸುರಿಯುತ್ತಿತ್ತು. "ಬಿಡಿ, ಇವನನ್ನು ನಾನು ಬಲ್ಲೆ" ಎಂದು ಕೂಗಿದೆನು. ಗುಂಪಿನಲ್ಲಿದ್ದ ಒಬ್ಬನು, ನನ್ನ ಶಿಷ್ಯನೇ, ತಿರುಗಿ ಹೇಳಿದನು: "ನೀವೇ ಕಳಿಸಿದ್ದೀರಲ್ಲ ಮೇಷ್ಟ್ರೇ, ಸುಳ್ಳಿರುತ್ತದೆಯೇ?" ಪುಣ್ಯಕ್ಕೆ ಅಷ್ಟರಲ್ಲಿ ಪೊಲೀಸರು ಬಂದು ಅವನನ್ನು ಕರೆದುಕೊಂಡು ಹೋದರು. ಹೊದಿಕೆಗಳು ಚರಂಡಿಯಲ್ಲಿ ಬಿದ್ದಿದ್ದುವು.

ಆ ವಿಡಿಯೋ ಎಲ್ಲಿಯದೆಂಬುದು ನನಗೆ ಆಮೇಲೆ ತಿಳಿಯಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಯ ವಿಷಯದಲ್ಲಿ ಜನರನ್ನು ಎಚ್ಚರಿಸುವುದಕ್ಕಾಗಿ ತೆಗೆದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ಹಿಂದಿರುಗಿ ಬಂದು ಮಗುವನ್ನು ಇಳಿಸುತ್ತಾರೆ. ಮಗುವನ್ನು ಅಪಹರಿಸಲು ಎಷ್ಟು ಅಲ್ಪಕಾಲ ಸಾಕೆಂಬುದನ್ನು ತಿಳಿಸುವ ಫಲಕವೊಂದನ್ನು ಹಿಡಿದು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನು ಇಂತಹ ಸಂಶಯಕ್ಕೆ ಗುರಿಯಾಗಿ ಜನರ ಏಟಿನಿಂದ ಸತ್ತನು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರನೊಬ್ಬನು ಸತ್ತನು. ಅವನ ಜೊತೆಯವರು ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಸಂಶಯಕ್ಕೆ ಮೂಲವಾಯಿತು. ನಮ್ಮ ಬೀದಿಯಲ್ಲಿ ಹಾಗಾಗದೆ ಇದ್ದುದಕ್ಕೆ ನನ್ನ ವಿವೇಕವು ಕಾರಣವಲ್ಲ.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವನು ನಾನು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳು. ಇಂದ್ರಿಯಕ್ಕೂ ವಸ್ತುವಿಗೂ ಸನ್ನಿಕರ್ಷವಾದರೆ ಹುಟ್ಟುವ ಜ್ಞಾನವು ಪ್ರತ್ಯಕ್ಷ. ಆಪ್ತನ, ಎಂದರೆ ಇದ್ದುದನ್ನು ಇದ್ದಂತೆ ಹೇಳುವವನ, ವಾಕ್ಯವು ಶಬ್ದ. ನಾನು ಮಾಡಿದ ತಪ್ಪು ಯಾವುದು? ವಿಡಿಯೋವನ್ನು ಪ್ರತ್ಯಕ್ಷವೆಂದು ತಿಳಿದೆನು. ನನ್ನ ಕಣ್ಣಿಗೆ ಸನ್ನಿಕರ್ಷವಾದುದು ಅಂಗೈಯಗಲದ ಗಾಜು ಮಾತ್ರ. ಎಲ್ಲಿಂದ ಆರಂಭಿಸಬೇಕು, ಎಲ್ಲಿ ಕತ್ತರಿಸಬೇಕು, ಮೇಲೆ ಏನು ಬರೆಯಬೇಕು ಎಂಬುದನ್ನೆಲ್ಲ ನಿಶ್ಚಯಿಸಿದವನು ಕಾಣದ ಮತ್ತೊಬ್ಬನು. ಆದುದರಿಂದ ವಿಡಿಯೋ ಎಂಬುದು ಪ್ರತ್ಯಕ್ಷದ ಉಡುಪನ್ನು ತೊಟ್ಟ ಶಬ್ದ. ಶಬ್ದವಾದ ಮೇಲೆ, ಹೇಳಿದವನು ಆಪ್ತನೇ ಎಂದು ಕೇಳಲೇಬೇಕು. ನಾನು ಕೇಳಲಿಲ್ಲ. ನನ್ನ ಶಿಷ್ಯರೂ ಕೇಳಲಿಲ್ಲ; ಏಕೆಂದರೆ ಅವರಿಗೆ ಆಪ್ತನು ನಾನೇ! ಹೆಸರಿಲ್ಲದವನ ಸುಳ್ಳಿಗೆ ನನ್ನ ಹೆಸರಿನ ಮುದ್ರೆಯನ್ನು ಒತ್ತಿ ಕಳಿಸಿದ್ದೆನು.

ಒಂದು ಸಂದೇಶವನ್ನು ಏಕಕಾಲದಲ್ಲಿ 5 ಕಡೆಗೆ ಮಾತ್ರ ಮುಂದೆ ಕಳಿಸಬಹುದೆಂದು ವಾಟ್ಸಾಪ್ ಸಂಸ್ಥೆಯು 2018ರ ಜುಲೈ ತಿಂಗಳಲ್ಲಿ ಭಾರತಕ್ಕೆ ಮಿತಿಯನ್ನು ಪ್ರಕಟಿಸಿತು. ಬಹಳ ಕೈಗಳನ್ನು ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ನಿಯಮವು 2020ರ ಏಪ್ರಿಲಿನಲ್ಲಿ ಬಂದಿತು. ಒಳ್ಳೆಯದೇ. ಆದರೆ ನಾನು ಕಳಿಸಿದುದು ಒಂದೇ ಗುಂಪಿಗೆ.

ಇಷ್ಟನ್ನು ಕೇಳಿ ಹುಡುಗನು ಒಂದು ಪ್ರಶ್ನೆಯನ್ನು ಹಾಕಿದನು. "ವಿಡಿಯೋ ನಿಜವೇ ಆಗಿದ್ದರೆ ಕಳಿಸಬಹುದೇ ತಾತ?"

ಪ್ರಶ್ನೆಯು ನನ್ನ ತರ್ಕಕ್ಕಿಂತ ಒಂದು ಹೆಜ್ಜೆ ಮುಂದಿತ್ತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಮಸೀದಿಗಳಲ್ಲಿ 51 ಜನರ ಸಾವಿಗೆ ಕಾರಣನಾದವನು ತನ್ನ ಕೃತ್ಯವನ್ನು ಫೇಸ್‌ಬುಕ್ಕಿನಲ್ಲಿ ನೇರವಾಗಿ ಪ್ರಸಾರ ಮಾಡಿದನು. ಮೊದಲ 24 ಗಂಟೆಗಳಲ್ಲಿ ಅದರ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದುದಾಗಿ ಆ ಸಂಸ್ಥೆಯು ತಿಳಿಸಿತು. ಆ ವಿಡಿಯೋ ಸುಳ್ಳಲ್ಲ. ಆದರೆ ಅಷ್ಟು ಪ್ರತಿಗಳನ್ನು ಮಾಡಿದವನು ಕೊಲೆಗಾರನೊಬ್ಬನೇ ಅಲ್ಲ, ನೋಡಿದವರೂ ಮಾಡಿದರು. ಹೊಡೆಯುವವರ ಸುತ್ತ ನಿಂತು ನೋಡುವ ಗುಂಪನ್ನು ದೊಡ್ಡದು ಮಾಡುವುದೇ ಅವನಿಗೆ ಬೇಕಾದುದು. ಅನ್ಯಾಯಕ್ಕೆ ಸಾಕ್ಷಿಯಾದ ವಿಡಿಯೋವನ್ನು ಪೊಲೀಸರಿಗೋ ನ್ಯಾಯಾಲಯಕ್ಕೋ ತಲುಪಿಸುವುದು ಬೇರೆ. ಗೆಳೆಯರ ಅಂಗೈಗೆ ಹಂಚುವುದು ಬೇರೆ. ಇದನ್ನು ನಾನು ಹೇಳಿ ಮುಗಿಸುವ ಮೊದಲೇ ಹುಡುಗನು, "ಆ ಕೆಳಗೆ ಬಿದ್ದವನನ್ನು ಯಾರೂ ಕೇಳಿರುವುದಿಲ್ಲ, ಅಲ್ಲವೆ?" ಎಂದನು.

ಮೊಬೈಲನ್ನು ಕಿತ್ತುಕೊಂಡರೆ ಕೆಲಸ ತೀರಿತೆಂದು ನಮ್ಮಲ್ಲಿ ಅನೇಕ ಹಿರಿಯರು ತಿಳಿದಿದ್ದಾರೆ. ಕಿತ್ತುಕೊಳ್ಳಬಹುದು, ಕಂಡದ್ದನ್ನು ಕಿತ್ತುಕೊಳ್ಳಲಾಗುವುದಿಲ್ಲ. ಗದರಿದರೆ ಮುಂದಿನ ಸಲ ಮಗುವು ಮರೆಯಲ್ಲಿ ನೋಡಿ ಮರೆಯಲ್ಲಿಯೇ ಹೆದರುವುದು. ಪಕ್ಕದಲ್ಲಿ ಕುಳಿತು, ಇದನ್ನು ತೆಗೆದವರು ಯಾರು, ಇದಕ್ಕೆ ಮೊದಲೂ ಆಮೇಲೆಯೂ ನಡೆದುದೇನು, ನಿನಗೆ ಕಳಿಸಿದವರ ಉದ್ದೇಶವೇನು ಎಂದು ಕೇಳುವುದು ನಿಧಾನದ ಕೆಲಸ. ನಡೆಯದೆ ಇದ್ದುದನ್ನೂ ನಡೆದಂತೆ ಯಂತ್ರವೇ ಚಿತ್ರಿಸಿ ಕೊಡುವ ಈ ದಿನಗಳಲ್ಲಿ ಅದನ್ನು ಬಿಟ್ಟರೆ ಬೇರೆ ದಾರಿ ನನಗೆ ಕಾಣದು. ಈ ಪ್ರಶ್ನೆಗಳನ್ನು ಮಕ್ಕಳಿಗಿಂತ ಮೊದಲು ನನ್ನ ವಯಸ್ಸಿನವರು ಕೇಳಿಕೊಳ್ಳಬೇಕು.

ಆ ರಾತ್ರಿ ಹುಡುಗನು ಮಲಗಿದ ಮೇಲೆ ನಾನು ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿದ್ದೆನು. ನಿದ್ದೆ ಹತ್ತಿತೆಂದು ತಿಳಿದು ಎದ್ದಾಗ ಕತ್ತಲೆಯಿಂದ ಅವನ ಧ್ವನಿ ಬಂದಿತು.

"ತಾತ, ಆ ಹೊದಿಕೆ ಮಾರುವವನು ಮತ್ತೆ ನಮ್ಮ ಊರಿಗೆ ಬಂದನೇ?"

"ಇಲ್ಲ ಮರಿ, ಬರಲಿಲ್ಲ" ಎಂದೆನು.